ತೋಳು ಬಿಡದ ವಿದ್ಯೆ

ಸಂತೇಬೆನ್ನೂರು
12 ನವೆಂಬರ್ 2023

ಚಿ. ಸಂಘಮಿತ್ರಾಗೆ ನಿನ್ನ ಮೇಷ್ಟ್ರು ಮುರುಗೇಶಪ್ಪ ಮಾಡುವ ಆಶೀರ್ವಾದಗಳು.

ಮೊನ್ನೆ ನಿನ್ನನ್ನು ನೋಡಲು ದಾವಣಗೆರೆಯ ಜೈಲಿನ ತನಕ ಬಂದಿದ್ದೆ. ಮನೆಯವರಲ್ಲದವರಿಗೆ ಈಗಲೇ ಭೇಟಿ ಇಲ್ಲವೆಂದು ಗೇಟಿನಿಂದ ಕಳಿಸಿದರು. ನಿಮ್ಮ ತಂದೆ ಚಿಕ್ಕಹನುಮಂತಪ್ಪನವರು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಮಾತಾಡಿಸಿದೆ. ಎದ್ದು ನಿಂತು ಕೈ ಮುಗಿದರು.

ಪೇಪರಿನಲ್ಲಿ ಬಂದದ್ದನ್ನು ಓದಿದೆ. ಹೊನ್ನಾಳಿಯಲ್ಲಿ ನಮ್ಮ ಸ್ಕೂಲಿನ ಹಿಂದಿನ ದಾರಿ, ದನಕ್ಕೆ ನೀರು ಕುಡಿಸುವ ಆ ಕಲ್ಲಿನ ತೊಟ್ಟಿ. ವಿನಯ್ ಕುಮಾರ್ ಎಂಬ ಯುವಕ ಕೈ ಹಿಡಿದ ಎಂದು ಜೂಡೋ ಕಲಿತ ಹುಡುಗಿ ಅವನನ್ನು ಕೆಡವಿದಳು, ತಲೆ ತೊಟ್ಟಿಯ ಅಂಚಿಗೆ ಬಡಿದು ಸತ್ತ. ನೀನೇ ಪೊಲೀಸರಿಗೆ ಹಾಗೆ ಹೇಳಿಕೆ ಕೊಟ್ಟಿದ್ದೀಯಂತೆ.

ನನಗೆ ಅರ್ಥವಾಗದ್ದು ಇದು. ಕೈ ಹಿಡಿದರೆ ಬಿಡಿಸಿಕೊಳ್ಳುವುದನ್ನು ನೀನು ಸಣ್ಣ ಹುಡುಗಿಯಾಗಿದ್ದಾಗಲೇ ಕಲಿತೆ. ಕೆಡವುವ ಅಗತ್ಯ ಏನಿತ್ತು? ಕೆಡವಿದರೂ ಅವನ ಅಂಗಿಯ ತೋಳು ಯಾಕೆ ಬಿಟ್ಟೆ? ಬೀಳುವವನ ತೋಳನ್ನು ಕೊನೆಯ ತನಕ ಹಿಡಿದಿದ್ದರೆ ಅವನ ಬೆನ್ನು ನೆಲಕ್ಕೆ ತಾಗುತ್ತದೆ, ತಲೆ ತಾಗುವುದಿಲ್ಲ. ಇದನ್ನು ನಿನ್ನಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ. ಕಿರಿಯ ಮಕ್ಕಳಿಗೆ ಕಲಿಸಲು ನಿನ್ನನ್ನು ನಿಲ್ಲಿಸಿದ್ದೇ ಅದಕ್ಕೆ.

ನಾನು ರಿಟೈರ್ ಆಗಿ ಕಳೆದ ವಾರ ಹೊನ್ನಾಳಿಯ ಮನೆ ಖಾಲಿ ಮಾಡಿ ಊರಿಗೆ ಬಂದೆ. ನಮ್ಮ ಜೂಡೋ ಕೋಣೆಗೆ ಬೀಗ ಬಿದ್ದಿದೆ. ಅಡಿಕೆ ಸಿಪ್ಪೆ ತುಂಬಿ ಟಾರ್ಪಾಲು ಬಿಗಿದು ನಾವೇ ಮಾಡಿದ್ದ ಹಾಸನ್ನು ಹೊರಗೆ ಹಾಕಿದ್ದಾರಂತೆ.

ಆರೋಗ್ಯ ನೋಡಿಕೋ.

ಮುರುಗೇಶಪ್ಪ


ಜಿಲ್ಲಾ ಕಾರಾಗೃಹ
27 ನವೆಂಬರ್ 2023

ಪೂಜ್ಯ ಗುರುಗಳಿಗೆ ಸಂಘಮಿತ್ರಾಳ ನಮಸ್ಕಾರಗಳು.

ಇಲ್ಲಿ ಕಾಗದ ಓದಿ ಆಮೇಲೆ ಕಳಿಸುತ್ತಾರೆ. ಅದಕ್ಕೆ ಹೆಚ್ಚು ಬರೆಯುವುದಿಲ್ಲ.

ತೋಳು ಬಿಟ್ಟಿದ್ದು ಹೌದು. ಜಾರಲಿಲ್ಲ, ಹರಿಯಲಿಲ್ಲ, ನಾನೇ ಬಿಟ್ಟೆ. ಯಾಕೆ ಅಂತ ಕೇಳಬೇಡಿ ಸರ್.

ನಮ್ಮ ಹಾಸಿನ ಮೇಲೆ ಮೈ ಬಿದ್ದ ಸದ್ದನ್ನು ಎಷ್ಟು ವರ್ಷ ಕೇಳಿದೀನಿ. ಸಿಪ್ಪೆ ಒಳಗೆ ಉಸಿರು ಬಿಟ್ಟಂಗೆ ಇರೋದು. ಆ ಸಂಜೆ ಕೇಳಿದ ಸದ್ದು ಬೇರೆ. ಪಕ್ಕದಲ್ಲಿ ಯಾರಾದರೂ ಪಾತ್ರೆ ಕೆಳಗೆ ಇಟ್ಟರೂ ಎದ್ದು ನಿಲ್ತೀನಿ. ಅವನು ಕಣ್ಣು ಬಿಟ್ಟುಕೊಂಡೇ ಇದ್ದ. ನಾನು ಅವನ ಹೆಸರು ಹಿಡಿದು ಕೂಗಿದೆ. ಅಂಥವನ ಹೆಸರನ್ನು ನಾನು ಅಷ್ಟು ಮರುಕದಿಂದ ಕೂಗುತ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ನಿಮ್ಮ ಮಗಳು ಅನ್ನಪೂರ್ಣ ಹೆಂಗಿದಾಳೆ? ಡಿಗ್ರಿ ಪರೀಕ್ಷೆ ಬರೆದಳಾ? ನಾನು ಕೇಳಿದೆ ಅಂತ ಹೇಳಿ. ನಾನಿಲ್ಲಿ ಚೆನ್ನಾಗಿದೀನಿ, ಅವಳು ಯಾವುದಕ್ಕೂ ಹೆದರಬೇಕಿಲ್ಲ ಅಂತಲೂ ಹೇಳಿ.

ನಿಮ್ಮ ವಿದ್ಯಾರ್ಥಿನಿ,
ಸಂಘಮಿತ್ರಾ


ಸಂತೇಬೆನ್ನೂರು
9 ಜನವರಿ 2024

ಚಿ. ಸಂಘಮಿತ್ರಾ,

ನಿನ್ನ ಕಾಗದ ಓದಿ ಬೇಸರವಾಯಿತು. ನೀನೇ ಬಿಟ್ಟೆ ಎಂದು ಬರೆದಿದ್ದೀಯ. ತಪ್ಪು ಒಪ್ಪಿಕೊಳ್ಳುವುದು ದೊಡ್ಡದು, ಆದರೆ ಕಾರಣ ಕೇಳಬೇಡಿ ಎನ್ನುವುದು ಸಿಟ್ಟಿನ ಮಾತು. ಸಿಟ್ಟು ನಿನ್ನಲ್ಲಿ ಮೊದಲಿಂದಲೂ ಇತ್ತು. ಹಾಸಿನ ಮೇಲೆ ಅದನ್ನು ಪಳಗಿಸಿದೆ ಅಂದುಕೊಂಡಿದ್ದೆ.

ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದೆನಲ್ಲ, ಜೂಡೋ ಹುಟ್ಟಿದ ಕಥೆ, ಅದು ನೆನಪಿದೆಯಾ? ನೂರ ನಲವತ್ತು ವರ್ಷದ ಹಿಂದೆ, ಜಪಾನಿನಲ್ಲಿ, ಜಿಗೊರೊ ಕಾನೊ ಎಂಬ ಹುಡುಗ. ಗಿಡ್ಡ, ಪೀಚು ಮೈ. ಓದಲು ಹೋದ ಕಡೆ ದೊಡ್ಡ ಹುಡುಗರು ಹಿಡಿದು ಬಡಿಯುತ್ತಿದ್ದರು. ಅಷ್ಟೊತ್ತಿಗೆ ಅಲ್ಲಿ ಕತ್ತಿ ಹಿಡಿದವರ ಕಾಲ ಮುಗಿದಿತ್ತು. ಅವರ ಕುಸ್ತಿಯ ವಿದ್ಯೆ ಯಾರಿಗೂ ಬೇಡವಾಗಿ, ಬಲ್ಲವರು ಮೂಳೆ ಕೂರಿಸಿ ಹೊಟ್ಟೆ ಹೊರೆಯುತ್ತಿದ್ದರು. ಅವನು ಅಂಥವರನ್ನು ಹುಡುಕಿಕೊಂಡು ಹೋಗಿ ಕಲಿತ. ಕಲಿತ ಮೇಲೆ, ಬಡಿದವರನ್ನು ಬಡಿಯಬಹುದಿತ್ತು. ಅವನು ಮಾಡಿದ್ದು ಬೇರೆ. ಜೀವ ತೆಗೆಯುವ ಪಟ್ಟು, ಕೈಕಾಲು ಮುರಿಯುವ ಪಟ್ಟುಗಳನ್ನೆಲ್ಲ ಸೆಣಸಾಟದಿಂದ ತೆಗೆದಿಟ್ಟ. ಬೀಳುವುದನ್ನು ಮೊದಲ ಪಾಠ ಮಾಡಿದ. ಬೆರಳೆಣಿಕೆಯ ಶಿಷ್ಯರನ್ನು ಕಟ್ಟಿಕೊಂಡು ಒಂದು ಬೌದ್ಧ ಮಂದಿರದ ಕೋಣೆಯಲ್ಲಿ ಚಾಪೆ ಹಾಸಿದ. ಬಿದ್ದು ಬಿದ್ದು ನೆಲದ ಹಲಗೆ ಮುರಿದರೆ ತಾನೇ ದೀಪ ಹಿಡಿದು ಕೆಳಗೆ ತೂರಿ ಸರಿಮಾಡುತ್ತಿದ್ದನಂತೆ. ಇದನ್ನು ಕೇಳಿ ನೀನು, ನಮ್ಮ ಮನೆಯಲ್ಲೂ ಬುದ್ಧನ ಫೋಟೋ ಇದೆ ಸರ್ ಎಂದು ಹಿಗ್ಗಿದ್ದೆ.

ಜೂ ಎಂದರೆ ಮೃದು, ಡೋ ಎಂದರೆ ದಾರಿ. ಕೆಡವಿದವನೂ ಬಿದ್ದವನೂ ಕೂಡಿ ಮೇಲೆ ಬರಬೇಕು. ಎದುರಿಗೆ ನಿಂತವನಿಲ್ಲದೆ ನಾನು ಕಲಿಯಲಾರೆ, ಆದ್ದರಿಂದ ಅವನ ಮೈ ನನ್ನ ಜವಾಬ್ದಾರಿ. ಇಷ್ಟೇ ಅದರ ತತ್ವ. ಅದನ್ನು ಬಿಟ್ಟರೆ ಉಳಿಯುವುದು ಬೀದಿ ಜಗಳ.

ಒಂದು ಸಂತೋಷದ ಸುದ್ದಿ. ಅನ್ನಪೂರ್ಣಳಿಗೆ ಜಗಳೂರಿನ ಕಡೆ ಸಂಬಂಧ ಕೂಡಿ ಬಂದಿದೆ. ಹುಡುಗ ಸರ್ಕಾರಿ ನೌಕರಿಯಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಮದುವೆ. ನೀನು ಕೇಳಿದೆ ಎಂದು ಹೇಳಿದೆ. ಕೇಳಿ ಒಳಗೆ ಹೋದಳು. ಹೆಣ್ಣುಮಕ್ಕಳು ಕೊಲೆ ಕೇಸಿನ ಮಾತಿಗೆ ಹೆದರುತ್ತಾರೆ, ತಪ್ಪು ತಿಳಿಯಬೇಡ.

ಮುರುಗೇಶಪ್ಪ


ಜಿಲ್ಲಾ ಕಾರಾಗೃಹ
2 ಫೆಬ್ರವರಿ 2024

ಪೂಜ್ಯ ಗುರುಗಳಿಗೆ,

ಅನ್ನಪೂರ್ಣಳ ಮದುವೆ ಸುದ್ದಿ ಓದಿದೆ. ಒಳ್ಳೆಯದಾಗಲಿ. ನಾನು ತಪ್ಪು ತಿಳಿದಿಲ್ಲ ಅಂತ ಅವಳಿಗೆ ಹೇಳಿ. ಇದೇ ಮಾತಿನಲ್ಲಿ ಹೇಳಿ.

ಇಲ್ಲಿ ಅಜ್ಜಮ್ಮ ಅಂತ ಒಬ್ಬರು ವಯಸ್ಸಾದವರು ಇದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತ್ತು. ಅವರಿಗೆ ಬೀಳುವುದನ್ನು ಕಲಿಸಿದೆ. ಗದ್ದ ಎದೆಗೆ ಒತ್ತಿಕೊಂಡು, ಅಂಗೈಯಿಂದ ನೆಲ ಬಡಿದು. ಕಂಬಳಿ ಮಡಿಸಿ ಹಾಸಿದ್ದೆವು. ಆಮೇಲೆ ಬ್ಯಾರಕ್‌ನ ಎಲ್ಲ ಹೆಂಗಸರೂ ಬಂದರು. ಬೀಳಾಕೂ ಕಲೀಬೇಕಾ ಅಂತ ನಗುತ್ತಲೇ ಬಿದ್ದರು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಕೊಲೆ ಮಾಡಿದ ಪಟ್ಟನ್ನೇ ಹೇಳಿಕೊಡ್ತಾಳೆ ಅಂತ ಯಾರೋ ದೂರು ಹೇಳಿ ನಿಲ್ಲಿಸಿದರು.

ನಿಮ್ಮ ಕಥೆ ಮರೆತಿಲ್ಲ ಸರ್. ಒಂದು ಮಾತು ಕೇಳಲಾ? ಚಾಪೆ ಮೇಲೆ ಇಬ್ಬರೂ ಬಗ್ಗಿ ನಮಸ್ಕಾರ ಮಾಡಿ ಶುರು ಮಾಡ್ತಾರೆ. ಸಾಕು ಅಂತ ಕೈ ತಟ್ಟಿದರೆ ಬಿಡ್ತಾರೆ. ತೊಟ್ಟಿ ಹತ್ತಿರ ಯಾರೂ ನಮಸ್ಕಾರ ಮಾಡಿ ಬರಲ್ಲ. ಅಲ್ಲಿ ನಮ್ಮ ಕಡೆಯವರು ಕೈ ತಟ್ಟಿದರೆ ಯಾರೂ ಬಿಡಲ್ಲ. ಅಲ್ಲಿಗೂ ಒಂದು ತತ್ವ ಇರಬೇಕಿತ್ತು.

ಸಂಘಮಿತ್ರಾ


ಸಂತೇಬೆನ್ನೂರು
20 ಮೇ 2024

ಚಿ. ಸಂಘಮಿತ್ರಾ,

ಜಾಮೀನು ಸಿಕ್ಕಿತೆಂದು ಕೇಳಿ ಸಂತೋಷವಾಯಿತು. ನಿನ್ನ ಫೋನಿಗೆ ಮಾಡಿದರೆ ಹತ್ತುವುದಿಲ್ಲ. ಅದಕ್ಕೆ ಸವಳಂಗದ ನಿಮ್ಮ ಮನೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಅನ್ನಪೂರ್ಣಳ ಮದುವೆ ಚೆನ್ನಾಗಿ ಆಯಿತು. ಧಾರೆಯ ಹೊತ್ತಿಗೆ ಬಹಳ ಅತ್ತಳು.

ನಿನ್ನ ಕೇಸಿನಲ್ಲಿ ಸರ್ಕಾರದ ಕಡೆಯಿಂದ ನನ್ನನ್ನು ಸಾಕ್ಷಿ ಮಾಡಿದ್ದಾರೆ. ನಿನಗೆ ಯಾರು ಕಲಿಸಿದರು, ಏನು ಕಲಿಸಿದರು ಎಂದು ಹೇಳಬೇಕಂತೆ. ನಾನು ಸತ್ಯ ಹೇಳುತ್ತೇನೆ. ನೀನು ಒಳ್ಳೆಯ ಹುಡುಗಿ ಎಂಬುದೂ ಸತ್ಯವೇ, ಅದನ್ನೂ ಹೇಳುತ್ತೇನೆ.

ಮುರುಗೇಶಪ್ಪ


ಸವಳಂಗ
11 ಜೂನ್ 2024

ಸರ್,

ಫೋನ್ ಪೊಲೀಸರ ಹತ್ತಿರ ಐತೆ. ಹೊಸದು ತಗೊಳ್ಳಲಿಲ್ಲ, ಅಪ್ಪನ ಫೋನಿಗೇ ಬೈಗುಳ ಬರುತ್ತವೆ. ನ್ಯಾಮತಿಯ ಸ್ಕೂಲಿನಲ್ಲಿ ನನ್ನ ಅತಿಥಿ ಶಿಕ್ಷಕಿ ಕೆಲಸ ಹೋಯಿತು. ಈಗ ಮೆಕ್ಕೆಜೋಳದ ಬಿತ್ತನೆಗೆ ಕೂಲಿ ಹೋಗ್ತಿದೀನಿ.

ಕಳೆದ ವಾರ ವಿನಯ್ ಕುಮಾರ್ ತಾಯಿ ಹೊನ್ನೂರಮ್ಮ ನಮ್ಮ ಮನೆಗೆ ಬಂದಿದ್ದರು. ಜಗಳಕ್ಕೆ ಅಂದುಕೊಂಡು ಅಪ್ಪ ಬಾಗಿಲಿಗೆ ಅಡ್ಡ ನಿಂತ. ಅವರು ಕಟ್ಟೆ ಮೇಲೆ ಕೂತು ನನ್ನನ್ನು ನೋಡಬೇಕು ಅಂದರು. ನೋಡಿದರು. "ನನ್ನ ಮಗ ಕೊನಿಗೆ ಏನಾರ ಅಂದ್ನಾ?" ಅಂತ ಕೇಳಿದರು. ಏನೂ ಅನ್ನಲಿಲ್ಲ ಅಂದೆ. ನೀರು ಕುಡಿದು ಹೋದರು. ಅವರು ಬೈದಿದ್ದರೆ ನನಗೆ ಸುಲಭ ಆಗ್ತಿತ್ತು.

ನಿಮ್ಮನ್ನು ಒಂದೇ ಒಂದು ಕೇಳಿಕೊಳ್ಳುತ್ತೀನಿ. ತೋಳು ಬಿಡಬಹುದಾ ಅಂತ ಕೋರ್ಟಿನಲ್ಲಿ ಕೇಳುತ್ತಾರೆ. ಬಿಡಾಕೂ ಕಾರಣ ಇರಬಹುದು ಅಂತ ಒಂದು ಮಾತು ಹೇಳಿ ಸರ್. ಕಾರಣ ಏನು ಅಂತ ನೀವು ಹೇಳಬೇಕಿಲ್ಲ. ಇರಬಹುದು ಅಂದರೆ ಸಾಕು.

ಸಂಘಮಿತ್ರಾ


ಸವಳಂಗ
19 ಜನವರಿ 2025

ಸರ್,

ಜೂನ್‌ನಲ್ಲಿ ಬರೆದದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಹಬ್ಬ ಕಳೆದ ಮೇಲೆ ಇನ್ನೊಂದು ಬರೆದೆ, ಅದಕ್ಕೂ ಇಲ್ಲ. ಶುಕ್ರವಾರ ಕೋರ್ಟಿನಲ್ಲಿ ನಿಮ್ಮನ್ನು ನೋಡಿದೆ. ಬಹಳ ಇಳಿದು ಹೋಗಿದೀರಿ.

ನೀವು ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಕೇಳಿದ್ದಕ್ಕೆಲ್ಲ ಕಟಕಟೆಯ ಮರವನ್ನು ನೋಡಿಕೊಂಡು ಉತ್ತರ ಕೊಟ್ಟಿರಿ. ನಿಮ್ಮಲ್ಲಿ ಕಲಿತವರು ತೋಳು ಬಿಡುತ್ತಾರಾ ಅಂತ ಸರ್ಕಾರಿ ವಕೀಲರು ಕೇಳಿದರು. "ಬಿಡಬಾರದು. ಬಿಟ್ಟರೆ ತಲೆಗೆ ಪೆಟ್ಟಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು" ಅಂದಿರಿ. ನಮ್ಮ ವಕೀಲರು ಪರಶುರಾಮ್ ಎದ್ದು, ಬೇರೆಯವರನ್ನು ಕಾಪಾಡಲು ಬಿಟ್ಟಿರಬಹುದಲ್ಲವೇ ಅಂತ ಸುಮ್ಮನೆ ಊಹೆಯ ಮೇಲೆ ಕೇಳಿದರು. ಅವರಿಗೆ ನಾನು ಏನೂ ಹೇಳಿಲ್ಲ. ಆಗ ನೀವು ಬಹಳ ಹೊತ್ತು ಸುಮ್ಮನಿದ್ದಿರಿ. ಜಡ್ಜ್ ಸಾಹೇಬರು ಉತ್ತರ ಕೊಡಿ ಅಂದರು. ನನಗೆ ತಿಳಿಯದು ಅಂದಿರಿ.

ನಿಮಗೆ ತಿಳಿದಿತ್ತು ಸರ್. ಆ ಸುಮ್ಮನಿದ್ದ ಹೊತ್ತಿನಲ್ಲಿ ನನಗೆ ಗೊತ್ತಾಯಿತು. ಅನ್ನಪೂರ್ಣ ನಿಮಗೆ ಹೇಳಿದಾಳೆ.

ಈಗ ಮುಚ್ಚಿಡುವುದು ಏನೂ ಇಲ್ಲ. ವಿನಯ್ ಕುಮಾರ್ ಎರಡು ತಿಂಗಳಿಂದ ಬೈಕಿನಲ್ಲಿ ಅವಳ ಹಿಂದೆ ಬೀಳ್ತಿದ್ದ. ನಿಮಗೆ ಹೇಳಿದರೆ ಕಾಲೇಜು ಬಿಡಿಸ್ತೀರಿ ಅಂತ ಅವಳು ಬಾಯಿ ಬಿಡಲಿಲ್ಲ, ನನಗೊಬ್ಬಳಿಗೆ ಹೇಳಿ ಕರೆಸಿಕೊಂಡಿದ್ದಳು. ಆ ಸಂಜೆ ನಾನು ತೊಟ್ಟಿ ಹತ್ತಿರ ಬಂದಾಗ ಅವಳ ಜಡೆ ಅವನ ಎಡಗೈಗೆ ಸುತ್ತಿಕೊಂಡಿತ್ತು. ನಾನು ಕಾಲು ಕೊಟ್ಟು ಕೆಡವಿದೆ. ಅವನು ಬೀಳುವಾಗ ಜಡೆ ಬಿಡಲಿಲ್ಲ. ಅವಳ ತಲೆಯೂ ಅದೇ ಕಲ್ಲಿನ ಕಡೆ ಹೊರಟಿತ್ತು. ನನಗೆ ಇರೋದು ಎರಡು ಕೈ. ಒಂದು ಅವನ ಕತ್ತುಪಟ್ಟಿ ಮೇಲಿತ್ತು, ಒಂದು ತೋಳಿನ ಮೇಲೆ. ತೋಳು ಬಿಟ್ಟು ಜಡೆಗೆ ಕೈ ಹಾಕಿದೆ.

ಆಮೇಲೆ ಅವಳಿಗೆ ಮನೆಗೆ ಓಡು ಅಂದೆ. ನನ್ನ ಕೈ ಹಿಡಿದ ಅಂತ ನಾನು ಹೇಳಿಕೊಳ್ತೀನಿ ಅಂದೆ. ನಾನೇ ಅಂದದ್ದು, ಹಂಗೆ ಮಾಡು ಅಂತ ಅವಳು ಕೇಳಲಿಲ್ಲ.

ಸಂಘಮಿತ್ರಾ


ಸಂತೇಬೆನ್ನೂರು
8 ಫೆಬ್ರವರಿ 2025

ತಾಯಿ ಸಂಘಮಿತ್ರಾ,

ಅನ್ನಪೂರ್ಣ ದೀಪಾವಳಿಗೆ ತವರಿಗೆ ಬಂದಾಗ ಹೇಳಿದಳು. ಕೋರ್ಟಿನ ಸಮನ್ಸು ಮೇಜಿನ ಮೇಲೆ ಇತ್ತು. ಅದನ್ನು ನೋಡಿ ಎಲ್ಲವನ್ನೂ ಹೇಳಿದಳು. ನಾನೇ ಕೋರ್ಟಿಗೆ ಬರುತ್ತೇನೆ ಅಂದಳು. ಬೇಡವೆಂದು ತಡೆದವನು ನಾನು.

ಅವಳು ಈಗ ಆರು ತಿಂಗಳ ಬಸುರಿ. ಜಗಳೂರಿನ ಬೀಗರು ಕಟ್ಟುನಿಟ್ಟಿನವರು. ಮದುವೆಗೆ ಮೊದಲು ಒಬ್ಬ ಹುಡುಗ ಹಿಂದೆ ಬಿದ್ದಿದ್ದ, ಅವನ ಸಾವಿನ ಹೊತ್ತಿಗೆ ಇವಳು ಅಲ್ಲಿದ್ದಳು ಎಂದು ತಿಳಿದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅವನು ಹಿಂದೆ ಬಿದ್ದದ್ದು ಎಂದು ಯಾರು ನಂಬುತ್ತಾರೆ? ಇವಳೇ ಕರೆದಿದ್ದಳು ಎನ್ನುತ್ತಾರೆ. ನಾನು ಹೇಳಿದ ಮಾತಿನಲ್ಲಿ ತೋಳಿನ ಬಗ್ಗೆ ಸುಳ್ಳಿಲ್ಲ, ಕಲಿಸಿದ್ದನ್ನೇ ಹೇಳಿದೆ. ತಂದೆಯಾದವನು ಬೇರೆ ಏನು ಮಾಡಬೇಕಿತ್ತು?

ನೀನು ಒಬ್ಬಂಟಿ, ಗಟ್ಟಿಗಿತ್ತಿ. ನಿನಗೆ ದೊಡ್ಡ ಶಿಕ್ಷೆ ಆಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇಷ್ಟು ದಿನ ಕಾಪಾಡಿದ್ದೀಯ. ಇನ್ನು ಸ್ವಲ್ಪ ದಿನ ಕಾಪಾಡು.

ಮುರುಗೇಶಪ್ಪ


ಸವಳಂಗ
15 ಫೆಬ್ರವರಿ 2025

ಮುರುಗೇಶಪ್ಪನವರಿಗೆ,

ನಾನು ವಕೀಲರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅನ್ನಪೂರ್ಣಳಿಗೆ ಬಾ ಅಂತಲೂ ಹೇಳಿ ಕಳಿಸಿಲ್ಲ, ಬೇಡ ಅಂತಲೂ ಕಳಿಸಿಲ್ಲ. ಅದು ಅವಳ ಇಷ್ಟ.

ಒಬ್ಬಂಟಿ ಅಂತ ಬರೆದಿದ್ದೀರಿ. ನನಗೆ ಅಪ್ಪ ಇದ್ದಾನೆ. ಅವನಿಗೆ ಇವತ್ತಿನ ತನಕ ನಿಜ ಗೊತ್ತಿಲ್ಲ. ಹೊಲದಲ್ಲಿ ಯಾರಾದರೂ ನನ್ನ ಸುದ್ದಿ ತೆಗೆದರೆ, ಸಿಟ್ಟು ಜಾಸ್ತಿ ನನ್ನ ಮಗಳಿಗೆ, ನಾನೇ ಸರಿಯಾಗಿ ಬೆಳೆಸಲಿಲ್ಲ ಅಂತಾನೆ.

ಸಂಘಮಿತ್ರಾ


ಸಂತೇಬೆನ್ನೂರು
24 ಜೂನ್ 2025

ಸಂಘಮಿತ್ರಾ,

ಅನ್ನಪೂರ್ಣ ಎಲ್ಲಿದ್ದಾಳೆ ಎಂದು ನಿನಗೆ ಗೊತ್ತಿದ್ದರೆ ದಯವಿಟ್ಟು ತಿಳಿಸು.

ಮಾರ್ಚ್‌ನಲ್ಲಿ ಅವಳು ಯಾರಿಗೂ ಹೇಳದೆ ಬಂದು ನಿನ್ನ ಪರವಾಗಿ ಸಾಕ್ಷಿ ಹೇಳಿದ್ದು ಬೀಗರ ಬಾಯಿಂದ ತಿಳಿಯಿತು. ಸಿಟ್ಟಿನಲ್ಲಿ ಫೋನ್ ಮಾಡಿ, ನನ್ನ ಮನೆಯ ಹೊಸಿಲು ತುಳಿಯಬೇಡ ಎಂದುಬಿಟ್ಟೆ. ಅವರೂ ಹೊರಗೆ ಹಾಕಿದರಂತೆ. ಅವಳ ಗೆಳತಿಯರ ಮನೆ, ಹೊನ್ನಾಳಿ, ಚನ್ನಗಿರಿ, ಕೆರೆಬಿಳಚಿಯ ಅವಳ ಚಿಕ್ಕಮ್ಮನ ಮನೆ, ಎಲ್ಲ ಕಡೆ ಕೇಳಿದೆ. ಫೋನ್ ಎತ್ತುವುದಿಲ್ಲ. ಅವಳ ತಾಯಿ ಊಟ ಬಿಟ್ಟಿದ್ದಾಳೆ. ಹೆರಿಗೆಯ ದಿನವೂ ಕಳೆದಿರಬೇಕು. ಹೆಣ್ಣೋ ಗಂಡೋ, ಹೆತ್ತವಳು ಉಳಿದಳೋ ಇಲ್ಲವೋ, ಒಂದೂ ಗೊತ್ತಿಲ್ಲ.

ನಿನ್ನನ್ನು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಮುರುಗೇಶಪ್ಪ


ಸವಳಂಗ
3 ಜುಲೈ 2025

ಸರ್,

ಇಲ್ಲಿದ್ದಾಳೆ. ಹೇಳಬೇಡ ಅಂದಿದ್ದಳು. ನಿಮ್ಮ ಕಾಗದ ಓದಿ ತೋರಿಸಿದೆ, ತಾಯಿ ಊಟ ಬಿಟ್ಟಿರುವ ಮಾತಿಗೆ ಅತ್ತಳು. ಬರಿ ಅಂದಳು.

ಕೋರ್ಟಿಗೆ ಬಂದ ದಿನ ತುಂಬು ಹೊಟ್ಟೆ ಹೊತ್ತು ಜಗಳೂರಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಜಡ್ಜ್ ಸಾಹೇಬರು ಕೂತು ಹೇಳಿ ಅಂದರೂ ಕೂರಲಿಲ್ಲ. ಸರ್ಕಾರಿ ವಕೀಲರು ಕೇಳಬಾರದ್ದನ್ನೆಲ್ಲ ಕೇಳಿದರು. ನೀನೇ ಅವನಿಗೆ ಫೋನ್ ಮಾಡ್ತಿರಲಿಲ್ಲವೇ, ಈಗ ಯಾಕೆ ನೆನಪಾಯಿತು ಅಂದರು. ಹೆದರಿದ್ದೆ, ಈಗಲೂ ಹೆದರಿಕೊಂಡೇ ಹೇಳ್ತಿದೀನಿ ಅಂದಳು. ವಾಪಸ್ ಜಗಳೂರಿಗೆ ಹೋದಾಗ ಅವಳ ಬಟ್ಟೆ ಗಂಟು ಕಟ್ಟೆ ಮೇಲೆ ಇತ್ತಂತೆ. ಅವತ್ತು ನಿಮಗೆ ಫೋನ್ ಮಾಡಬೇಕು ಅಂತಲೇ ಇದ್ದಳು, ಅಷ್ಟರಲ್ಲಿ ನಿಮ್ಮದೇ ಬಂತು. ಮಾರನೇ ದಿನ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ನನ್ನನ್ನು ಕೇಳದೆಯೇ ಒಳಗೆ ಕರೆದ.

ಮೇ ತಿಂಗಳಲ್ಲಿ ಹೊನ್ನಾಳಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಹೆಣ್ಣು. ತಾಯಿ ಮಗು ಇಬ್ಬರೂ ಆರೋಗ್ಯ.

ನನ್ನ ತೀರ್ಪು ಕಳೆದ ವಾರ ಬಂತು, ಖುಲಾಸೆ. ಹೊನ್ನೂರಮ್ಮ ಹಿಂದಿನ ಬೆಂಚಿನಲ್ಲಿದ್ದರು. ಹೊರಗೆ ಬಂದಾಗ ದಾರಿಗೆ ಅಡ್ಡ ನಿಂತು, "ನನ್ನ ಮಗ ಅಂಥೋನು ಅಂತ ಎಲ್ರೂ ಕೇಳಿದ್ರು. ಇನ್ನು ಊರಾಗೆ ನಾನು ಹೆಂಗೆ ಇರ್ಲಿ?" ಅಂದರು. ಖುಲಾಸೆ ಆದವರ ಹಂಗೆ ನಾನು ಮನೆಗೆ ಬರಲಿಲ್ಲ.

ನೀವು ಇಲ್ಲಿಗೆ ಬರಬಹುದು. ಆದರೆ ಬಂದವರು ಮೊದಲು ನನ್ನ ಅಪ್ಪನ ಎದುರಿಗೆ ನಿಂತು, ಕೋರ್ಟಿನಲ್ಲಿ ನಿಮಗೆ ತಿಳಿದಿದ್ದೂ ಹೇಳದೆ ಬಿಟ್ಟದ್ದನ್ನು ಹೇಳಬೇಕು. ನನಗೆ ಹೇಳುವುದು ಬೇಡ. ಜೈಲಿನ ಗೇಟಿನಲ್ಲಿ ನಿಮಗೆ ಎದ್ದು ಕೈ ಮುಗಿದವನು ಅವನು.

ಸಂಘಮಿತ್ರಾ


ಸವಳಂಗ
17 ಜುಲೈ 2025

ಸರ್,

ಮೊನ್ನೆ ನೀವು ಬಂದು ಅಪ್ಪನ ಎದುರಿಗೆ ನಿಂತು ಹೇಳಿದಿರಿ. ನೀವು ಹೇಳುವಾಗ ಅವನು ಒಂದು ಮಾತೂ ಆಡಲಿಲ್ಲ ಅಂತ ನಿಮಗೆ ನೋವಾಗಿರಬಹುದು. ಅವನು ಕೇಳಿಸಿಕೊಂಡ. ಸಂಜೆ ನನ್ನನ್ನು ಕರೆದು, "ನಿನ್ನ ಮ್ಯಾಲೆ ನಂಗೆ ಅನುಮಾನ ಇತ್ತು ಕಣವ್ವ" ಅಂದ. ಅಷ್ಟು ಹೇಳಾಕೆ ಅವನಿಗೆ ಎಷ್ಟು ಕಷ್ಟ ಆಯಿತು ಅಂತ ನಾನು ನೋಡಿದೆ. ಆಮೇಲೆ ಹಸುಗೆ ಹುಲ್ಲು ಹಾಕಾಕೆ ಹೋದ.

ಹೊಸದಾಗಿ ಹಾಸು ಮಾಡೋಣ, ಸಂತೇಬೆನ್ನೂರಿನಲ್ಲಿ ಮಕ್ಕಳಿಗೆ ಕಲಿಸು ಅಂದಿರಿ. ನನ್ನಿಂದ ಆಗಲ್ಲ. ಬೀಳುವುದನ್ನು ಬೇಕಾದರೆ ಕಲಿಸಿಯೇನು. ಇನ್ನೊಬ್ಬರ ಅಂಗಿ ಮೇಲೆ ಕೈ ಇಡಾಕೆ ಈಗಲೂ ಬೆರಳು ಒಪ್ಪಲ್ಲ.

ಅನ್ನಪೂರ್ಣ ಹೊರಗೆ ಬರಲಿಲ್ಲ ಅಂತ ನೀವು ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಿದ್ದನ್ನು ನಾನೂ ನೋಡಿದೆ, ಅವಳೂ ಒಳಗಿಂದ ನೋಡಿದಳು. ನಿಮ್ಮ ಬಸ್ಸು ಹೋದ ಮೇಲೆ ಕೇಳಿದಳು, "ಅಪ್ಪ ಮಗೂನ ಎತ್ಕೊತೀನಿ ಅಂತ ಕೇಳಿದ್ರಾ?"

ಇಲ್ಲ, ಕೇಳಲಿಲ್ಲ ಅಂದೆ.

"ಕೇಳಿದ್ರೆ ಕೊಡ್ತಿದ್ದೆ" ಅಂದಳು.

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಅಂತ ಗೊತ್ತಾಗಲಿಲ್ಲ. ಬರೆದಿದೀನಿ.

ಸಂಘಮಿತ್ರಾ